ಹೆದರಿಕೆಗೆ ಅಂಕಗಳು

ಕಳೆದ ಮಳೆಗಾಲದ ಆರು ಭಾನುವಾರಗಳನ್ನು ನಾವು ಐವರು ಮಿತ್ರರು ಹೆದರಿಕೊಳ್ಳುವುದರಲ್ಲಿ ಕಳೆದೆವು. ಹೊರಗೆ ಮುಂಬಯಿಯ ಬಿಡದ ಮಳೆ. ಒಳಗೆ ಹತ್ತು ಅಡಿಯ ಒಂದು ಕೋಣೆ, ಗೋಡೆಗೆ ತಗುಲಿಸಿದ ಟಿ.ವಿ., ನಡುವೆ ಒಗ್ಗರಣೆ ಅವಲಕ್ಕಿಯ ಡಬ್ಬಿ. ಹತ್ತನೆಯ ತರಗತಿಯವರು ರಜಾದಿನಗಳನ್ನು ಹೀಗೆ ಕಳೆಯಬಹುದೇ ಎಂದು ಹಿರಿಯರು ಕೇಳದೆ ಇರಲಿಲ್ಲ. ‘ಇದರಿಂದ ಇಂಗ್ಲಿಷ್ ಸುಧಾರಿಸುತ್ತದೆ’ ಎಂದು ಉತ್ತರ ಕೊಟ್ಟೆವು. ಸುಧಾರಿಸಿತೋ ಇಲ್ಲವೋ ಎಂಬುದು ಅರ್ಧವಾರ್ಷಿಕ ಪರೀಕ್ಷೆಯ ಅಂಕಪಟ್ಟಿಯಲ್ಲಿದೆ. ಆ ವಿಚಾರ ಇಲ್ಲಿ ಬೇಡ.

ಕೋಣೆ ನಮ್ಮ ‘ವಕೀಲ’ನ ಸೋದರಮಾವನದು. ಅವರು ಅಂಧೇರಿಯಲ್ಲಿ ಧ್ವನಿಮುದ್ರಣದ ಕೆಲಸ ಮಾಡುವವರು, ಹಳೆಯ ಚಲಚ್ಚಿತ್ರಗಳನ್ನು ಕೂಡಿಡುವ ಹವ್ಯಾಸದವರು. ‘ವಕೀಲ’ ಎಂಬುದು ನಾವಿಟ್ಟ ಹೆಸರು. ಯಾವ ಮಾತನ್ನೂ ವಾದ ಮಾಡದೆ ಒಪ್ಪಿಕೊಂಡವನಲ್ಲ ಅವನು. ಮತ್ತೊಬ್ಬ ‘ಪಂಡಿತ’, ಪ್ರಾಣಿಗಳ ಪುಸ್ತಕಗಳನ್ನು ಓದಿ ಓದಿ ಕನ್ನಡಕ ತರಿಸಿಕೊಂಡವನು. ಇನ್ನೊಬ್ಬ ‘ಉಡುಪಿ’, ಆ ಹೆಸರಿಗೆ ವಿವರಣೆ ಬೇಕಿಲ್ಲ. ಲೆಕ್ಕವನ್ನು ಅಚ್ಚುಕಟ್ಟಾಗಿ ಬರೆದಿಡುವ ಗೆಳತಿಗೆ ‘ಶಾನುಭೋಗರು’ ಎಂದು ಹೆಸರು. ಐದನೆಯವಳಿಗೆ ಮಾತ್ರ ಅಡ್ಡಹೆಸರಿಲ್ಲ. ಅವಳು ಮಾತನಾಡುವುದೇ ಕಡಿಮೆ. ಅಡ್ಡಹೆಸರು ಹುಟ್ಟುವುದಕ್ಕೂ ಒಂದಿಷ್ಟು ಮಾತು ಬೇಕಷ್ಟೆ. ಅವಳದು ಕಲಬುರಗಿಯ ಕಡೆಯ ಮನೆತನ. ಮನೆಯಿರುವುದು ಆರೆ ಕಾಲೊನಿಯ ಅಂಚಿನಲ್ಲಿ. ತಂದೆ ಒಂದು ದೊಡ್ಡ ಕಟ್ಟಡದಲ್ಲಿ ರಾತ್ರಿಯ ಕಾವಲುಗಾರರು.

ಪ್ರಾಣಿಗಳು ಮನುಷ್ಯರ ಮೇಲೆ ಎರಗುವ ಭಯಾನಕ ಚಿತ್ರಗಳಲ್ಲಿ ಎಲ್ಲಕ್ಕಿಂತ ಉತ್ತಮವಾದದ್ದು ಯಾವುದು? ಇದೇ ಪ್ರಶ್ನೆ. ಶಾನುಭೋಗರು ಒಂದು ಹೊಸ ನೋಟುಪುಸ್ತಕದಲ್ಲಿ ಗೆರೆ ಎಳೆದು ನೂರು ಅಂಕಗಳನ್ನು ಹಂಚಿದರು. ಕಥೆಗೆ 25, ಪ್ರಾಣಿಯ ನಡವಳಿಕೆ ಸಹಜವಾಗಿದ್ದರೆ 25, ನೋಡುವಾಗಿನ ಹೆದರಿಕೆಗೆ 25, ಮನೆಗೆ ಹೋದ ಮೇಲೆ ರಾತ್ರಿ ನಿದ್ದೆ ಕೆಟ್ಟರೆ 25. ಕೊನೆಯದಕ್ಕೆ ಸಾಕ್ಷಿ ಯಾರು ಎಂದು ವಕೀಲ ಕೇಳಿದ. ಮನೆಯವರ ಹೇಳಿಕೆಯನ್ನು ಪರಿಗಣಿಸತಕ್ಕದ್ದೆಂದು ತೀರ್ಮಾನವಾಯಿತು.

1933ರ ‘ಕಿಂಗ್ ಕಾಂಗ್’ ಮೊದಲ ಸುತ್ತಿನಲ್ಲಿಯೇ ಬಿದ್ದುಹೋಯಿತು. ಪರದೆಯ ಮೇಲೆ ಮಹಡಿಮನೆಗಳನ್ನು ಏರುವ ಆ ವಾನರ ನಿಜವಾಗಿ ಸುಮಾರು ಒಂದೂವರೆ ಅಡಿಯ ಗೊಂಬೆಯೆಂದು ಪಂಡಿತ ತಿಳಿಸಿದ ಮೇಲೆ ಯಾರಿಗೂ ಹೆದರಿಕೆ ಉಳಿಯಲಿಲ್ಲ. ಸರಪಳಿ ಹಾಕಿ ಎಳೆದುತಂದವರದೇ ತಪ್ಪಲ್ಲದೆ ಅದರದೇನು ತಪ್ಪು ಎಂದು ಎಲ್ಲರಿಗೂ ಕನಿಕರವೂ ಆಯಿತು. 1993ರ ‘ಜುರಾಸಿಕ್ ಪಾರ್ಕ್’ ಅನರ್ಹವಾಯಿತು. ಅಳಿದುಹೋದ ಪ್ರಾಣಿಗಳಿಗೆ ಹೆದರುವುದು ತೀರಿಹೋದ ಸಾಲಗಾರನಿಗೆ ಹೆದರಿದಂತೆ ಎಂದು ವಕೀಲನ ವಾದ. 1997ರ ‘ಅನಕೊಂಡ’ವನ್ನು ಉಡುಪಿ ಒಬ್ಬನೇ ಎತ್ತಿಹಿಡಿದ. ಹಾವು ನುಂಗಿ ಉಗುಳಿದ ಖಳನಾಯಕ ಕಣ್ಣು ಹೊಡೆಯುವ ದೃಶ್ಯಕ್ಕೆ ನಾವು ನಕ್ಕು ನಕ್ಕು ಅವಲಕ್ಕಿ ಚೆಲ್ಲಿದ್ದೆವು. ಹಾವು ಕಿರಚುವುದುಂಟೇ ಎಂದು ಪಂಡಿತ ಸಹಜತೆಗೆ ಸೊನ್ನೆ ಕೊಟ್ಟ. “ನಗಬೇಡಿ ಮಾರಾಯ್ರೆ, ನಮ್ಮ ಮನೆಯಲ್ಲಿ ನಾಗನಿಗೆ ತನು ಎರೆಯುತ್ತೇವೆ” ಎಂದು ಉಡುಪಿ ಮುನಿಸಿಕೊಂಡ.

ನಿಜವಾದ ಜಗಳ ಆರಂಭವಾದದ್ದು ಹಕ್ಕಿಗಳಿಂದ. ಆಲ್ಫ್ರೆಡ್ ಹಿಚ್‌ಕಾಕ್ 1963ರಲ್ಲಿ ತೆಗೆದ ‘ದಿ ಬರ್ಡ್ಸ್’ ಚಿತ್ರದಲ್ಲಿ ಕ್ಯಾಲಿಫೋರ್ನಿಯದ ಬೊಡೆಗಾ ಬೇ ಎಂಬ ಕಡಲತೀರದ ಊರಿನ ಮೇಲೆ ಹಕ್ಕಿಗಳು ಇದ್ದಕ್ಕಿದ್ದಂತೆ ಎರಗುತ್ತವೆ. ಏಕೆಂಬುದು ಕೊನೆಯವರೆಗೂ ತಿಳಿಯದು. ಚಿತ್ರಕ್ಕೆ ಹಿನ್ನೆಲೆ ಸಂಗೀತವಿಲ್ಲ. ರೆಕ್ಕೆಗಳ ಸದ್ದು, ಕೂಗು, ಯಂತ್ರದಿಂದ ಹುಟ್ಟಿಸಿದ ವಿಚಿತ್ರ ಧ್ವನಿಗಳು, ಅಷ್ಟೆ. ಒಂದು ದೃಶ್ಯದಲ್ಲಿ ನಾಯಕಿ ಶಾಲೆಯ ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದಾಳೆ. ಒಳಗೆ ಮಕ್ಕಳು ಹಾಡುತ್ತಿದ್ದಾರೆ. ಅವಳ ಬೆನ್ನ ಹಿಂದೆ, ಮಕ್ಕಳು ಹತ್ತಿ ಆಡುವ ಕಬ್ಬಿಣದ ಕಂಬಿಗಳ ಮೇಲೆ ಒಂದು ಕಾಗೆ ಬಂದು ಕೂರುತ್ತದೆ. ಆಮೇಲೆ ಇನ್ನೊಂದು. ಅವಳು ತಿರುಗಿ ನೋಡುವ ಹೊತ್ತಿಗೆ ಕಂಬಿಗಳು ಕಾಣದಷ್ಟು ಕಾಗೆಗಳು.

ಮರುದಿನ ಸೋಮವಾರ. ಮಧ್ಯಾಹ್ನದ ಬಿಡುವಿನಲ್ಲಿ ನಮ್ಮ ತರಗತಿಯ ಕಿಟಕಿಗೆ ಪ್ರತಿನಿತ್ಯ ಬರುವ ಕಾಗೆ ಬಂದಿತು. ನಮ್ಮ ಡಬ್ಬಿಗಳಿಂದ ಎಷ್ಟೋ ಚಪಾತಿಗಳನ್ನು ಸುಂಕವಾಗಿ ವಸೂಲು ಮಾಡಿದ ಹಳೆಯ ಪರಿಚಯ. ಅಂದು ಮಾತ್ರ ಐವರೂ ಕಿಟಕಿಯಿಂದ ಎರಡು ಬೆಂಚು ಹಿಂದಕ್ಕೆ ಸರಿದು ಕುಳಿತೆವು. ಇದನ್ನೇ ಸಾಕ್ಷಿಯಾಗಿ ಹಿಡಿದು ಶಾನುಭೋಗರು ಚಿತ್ರಕ್ಕೆ ಒಟ್ಟು 88 ಅಂಕ ಬರೆದರು.

ಆಗ ಪಂಡಿತ ಬಾಯಿ ಹಾಕಿದ. 1961ರ ಆಗಸ್ಟಿನಲ್ಲಿ ಅದೇ ಕ್ಯಾಲಿಫೋರ್ನಿಯದ ಕ್ಯಾಪಿಟೋಲ ಎಂಬಲ್ಲಿ ಕಡಲಹಕ್ಕಿಗಳು ಹುಚ್ಚೆದ್ದು ಮನೆಗಳಿಗೆ ಬಡಿದುಕೊಂಡವಂತೆ. ಆ ಸುದ್ದಿ ಹಿಚ್‌ಕಾಕರ ಗಮನಕ್ಕೆ ಬಂದಿತ್ತು. ಸಮುದ್ರದ ಪಾಚಿಯ ವಿಷ ಮೀನುಗಳ ಮೂಲಕ ಹಕ್ಕಿಗಳ ಹೊಟ್ಟೆ ಸೇರಿದ್ದೇ ಅದಕ್ಕೆ ಕಾರಣವಾಗಿರಬೇಕೆಂದು ಎಷ್ಟೋ ವರ್ಷಗಳ ಅನಂತರ ವಿಜ್ಞಾನಿಗಳು ಕಂಡುಕೊಂಡರು. “ಕಾರಣ ತಿಳಿಯಿತಲ್ಲ, ಹೆದರಿಕೆಯಲ್ಲಿ ಐದು ಅಂಕ ಕಳೆ” ಎಂದ ವಕೀಲ. “ಕಾರಣ ಚಿತ್ರದಲ್ಲಿ ಇಲ್ಲವಲ್ಲ ಮಾರಾಯ, ನಿನ್ನ ತಲೆಯಲ್ಲಿ ಇದ್ದರೆ ಅದಕ್ಕೇನು?” ಎಂದ ಉಡುಪಿ. ಈ ಐದು ಅಂಕಗಳ ವ್ಯಾಜ್ಯ ಇಂದಿಗೂ ಇತ್ಯರ್ಥವಾಗಿಲ್ಲ.

ವಕೀಲ ಹಟ ಹಿಡಿದದ್ದು ‘ಜಾಸ್’ ಚಿತ್ರಕ್ಕಾಗಿ. 1975ರಲ್ಲಿ ಅದು ತೆರೆ ಕಂಡಾಗ ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್ 28 ವರ್ಷದ ತರುಣ. ಶಾರ್ಕ್ ಮೀನಿನ ಯಂತ್ರಗಳನ್ನು ಮಾಡಿಸಿ ಕಡಲಿಗೆ ಇಳಿಸಿದರೆ ಅವು ಉಪ್ಪುನೀರಿಗೆ ಕೆಟ್ಟು ಕೂತವು. 55 ದಿನಗಳಲ್ಲಿ ಮುಗಿಯಬೇಕಾಗಿದ್ದ ಚಿತ್ರೀಕರಣ 159 ದಿನ ಹಿಡಿಯಿತು. ಮೀನನ್ನು ತೋರಿಸಲು ಆಗಲಿಲ್ಲ. ಆದುದರಿಂದ ತೋರಿಸದೆಯೇ ಕಥೆ ಹೇಳಿದರು. ನೀರಿನ ಮೇಲ್ಮೈ, ಎಳೆದೊಯ್ಯುವ ಹಳದಿ ಪೀಪಾಯಿಗಳು, ಜಾನ್ ವಿಲಿಯಮ್ಸರ ಎರಡು ಸ್ವರಗಳು. ವಕೀಲನ ಮಾವ ಒಂದು ಉಪಾಯ ಮಾಡಿದರು. ಪರದೆಯನ್ನು ಕಪ್ಪಾಗಿಸಿ, ದೀಪ ಆರಿಸಿ, ಆ ಎರಡು ಸ್ವರಗಳನ್ನಷ್ಟೇ ಕೇಳಿಸಿದರು. ಕೋಣೆಯಿದ್ದುದು ಮೂರನೆಯ ಮಹಡಿಯಲ್ಲಿ. ಆದರೂ ಉಡುಪಿ ನೆಲದ ಮೇಲಿದ್ದ ಕಾಲುಗಳನ್ನು ಎತ್ತಿ ಕುರ್ಚಿಯ ಮೇಲೆ ಮಡಚಿಟ್ಟುಕೊಂಡ.

“ಪುಣ್ಯಕೋಟಿಯ ಕಥೆಯ ಹುಲಿ ಹಸಿದಿದ್ದರೂ ಹಸುವಿನ ಮಾತು ಕೇಳಿಸಿಕೊಂಡಿತಲ್ಲ. ಈ ಮೀನಿನ ಹತ್ತಿರ ಏನು ಹೇಳಿಕೊಳ್ಳುವುದು?” ಎಂದ ಅವನು. ಅದು ನಮಗೆ ಸರಿಯೆನಿಸಿತು. ಸಣ್ಣವರಿದ್ದಾಗ ಕೇಳಿದ ಹುಲಿಗೆ ನಾವು ಹೆದರದೆ ಇದ್ದುದು ಅದಕ್ಕೆ ಕಿವಿ ಇದ್ದುದರಿಂದ. ಆದರೆ ‘ಜಾಸ್’ ಚಿತ್ರದಲ್ಲಿ ಹೇಳಿದ್ದನ್ನು ಕೇಳದವನು ಮೀನೊಂದೇ ಅಲ್ಲ. ವ್ಯಾಪಾರ ಕೆಡುತ್ತದೆಂದು ಕಡಲತೀರ ಮುಚ್ಚಿಸಲು ಒಪ್ಪದ ಊರಿನ ಮೇಯರನೂ ಇದ್ದಾನೆ. ಮೇಯರನಿಗೂ ಅಂಕ ಕೊಡಬೇಕೆಂದು ವಕೀಲ ಅರ್ಜಿ ಹಾಕಿದ. ಮೇಯರ್ ಪ್ರಾಣಿವರ್ಗಕ್ಕೆ ಸೇರುವುದಿಲ್ಲವೆಂದು ಅರ್ಜಿ ವಜಾ ಆಯಿತು. ಪಂಡಿತ ಸಹಜತೆಯಲ್ಲಿ 15 ಅಂಕ ಕಡಿದ. ಹಗೆ ಸಾಧಿಸಿ ದೋಣಿಯನ್ನು ಬೆನ್ನಟ್ಟುವ ಶಾರ್ಕ್ ಎಲ್ಲಿಯೂ ಇಲ್ಲ. ಮೂಲ ಕಾದಂಬರಿ ಬರೆದ ಪೀಟರ್ ಬೆಂಚ್ಲಿಯೇ ಮುಂದೆ ಪಶ್ಚಾತ್ತಾಪಪಟ್ಟು, 2006ರಲ್ಲಿ ತೀರಿಕೊಳ್ಳುವವರೆಗೂ ಶಾರ್ಕ್‌ಗಳ ರಕ್ಷಣೆಗಾಗಿ ದುಡಿದರು.

ಐದನೆಯ ಭಾನುವಾರ ಸಿಂಹಗಳದ್ದು. 1996ರ ‘ದಿ ಗೋಸ್ಟ್ ಅಂಡ್ ದಿ ಡಾರ್ಕ್‌ನೆಸ್’. ಓಂ ಪುರಿಯವರು ಇದ್ದಾರೆಂದು ಮಾವ ಅದನ್ನು ಆರಿಸಿದ್ದರು. ಕಥೆ ನಡೆದದ್ದು. 1898ರಲ್ಲಿ ಪೂರ್ವ ಆಫ್ರಿಕದ ತ್ಸಾವೊ ನದಿಗೆ ರೈಲುಸೇತುವೆ ಕಟ್ಟುತ್ತಿದ್ದಾಗ ಎರಡು ಗಂಡುಸಿಂಹಗಳು ತಿಂಗಳುಗಟ್ಟಲೆ ಡೇರೆಗಳಿಗೆ ನುಗ್ಗಿ ಕೂಲಿಗಳನ್ನು ಹೊತ್ತೊಯ್ದವು. ಆ ಕೂಲಿಗಳಲ್ಲಿ ಬಹಳ ಮಂದಿ ನಮ್ಮ ದೇಶದಿಂದ, ಅದರಲ್ಲಿಯೂ ಪಂಜಾಬಿನಿಂದ, ಹಡಗು ಹತ್ತಿ ಹೋದವರು. ಸಿಂಹಗಳನ್ನು ಕೊಂದ ಪ್ಯಾಟರ್ಸನ್ ಎಂಬ ಎಂಜಿನಿಯರ್ ಅವುಗಳ ಚರ್ಮವನ್ನು 1924ರಲ್ಲಿ ಷಿಕಾಗೋದ ಫೀಲ್ಡ್ ವಸ್ತುಸಂಗ್ರಹಾಲಯಕ್ಕೆ ಮಾರಿದರು. ತುಂಬಿಸಿ ನಿಲ್ಲಿಸಿದ ಆ ಸಿಂಹಗಳು ಇಂದಿಗೂ ಅಲ್ಲಿವೆ. ನಿಜವಾದ ಸಿಂಹಗಳಿಗೆ ಕೇಸರವಿರಲಿಲ್ಲ, ಚಿತ್ರದವುಗಳಿಗೆ ಇದೆ ಎಂದು ಪಂಡಿತ ಎಂದಿನಂತೆ ಅಂಕ ಕಡಿದ.

ಸತ್ತವರೆಷ್ಟು ಎಂಬುದರ ಮೇಲೆ ಚರ್ಚೆ ಹತ್ತಿತು. 135 ಎಂದು ಪ್ಯಾಟರ್ಸನ್ನರ ಲೆಕ್ಕ. ಸಿಂಹಗಳ ಕೂದಲು, ಎಲುಬುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು 2009ರಲ್ಲಿ ಕೊಟ್ಟ ಅಂದಾಜು ಸುಮಾರು 35. “ನೂರು ಕಡಿಮೆಯಾಯಿತು. ಹೆದರಿಕೆಯ ಅಂಕವೂ ಆ ಪ್ರಮಾಣದಲ್ಲಿ ಇಳಿಯಬೇಕು” ಎಂದ ವಕೀಲ. ತ್ರೈರಾಶಿ ಹಾಕಲು ಶಾನುಭೋಗರು ಪೆನ್ಸಿಲು ತೆಗೆದರು.

“ಡೇರೆಯಿಂದ ಓಡ್ತಾರಲ್ಲ, ಅವರೆಲ್ಲ ಯಾರು? ಅವರ ಹೆಸರೇನು?” ಎಂದು ಐದನೆಯವಳು ಕೇಳಿದಳು. ಐದು ವಾರಗಳಲ್ಲಿ ಅವಳು ಆಡಿದ ಮೊದಲ ದೊಡ್ಡ ಮಾತು ಅದು.

“ಅವರು ಗುಂಪು. ಗುಂಪಿನವರಿಗೆ ಹೆಸರು ಎಲ್ಲಿ ಇಡುತ್ತಾರೆ?” ಎಂದ ವಕೀಲ.

“ನಮ್ಮಪ್ಪ ಅಲ್ಲಿಗೆ ಹೋಗಿದ್ರೆ ಆ ಡೇರೆಯೊಳಗೇ ಮಲಗಿರ್ತಿದ್ದ” ಎಂದಳು ಅವಳು. ಶಾನುಭೋಗರು ಪೆನ್ಸಿಲನ್ನು ಕೆಳಗಿಟ್ಟರು. ಅಂದಿನ ತ್ರೈರಾಶಿ ಹಾಗೆಯೇ ಉಳಿಯಿತು.

ಆರನೆಯ ಚಿತ್ರ 1943ರದು, ಕಪ್ಪು ಬಿಳುಪು, ಸುಮಾರು ಒಂದು ಗಂಟೆಯಷ್ಟೇ ಉದ್ದ. ‘ದಿ ಲೆಪರ್ಡ್ ಮ್ಯಾನ್’ ಎಂದು ಹೆಸರು. ನಿರ್ದೇಶಕ ಜಾಕ್ ಟೂರ್ನರ್, ನಿರ್ಮಾಪಕ ವಾಲ್ ಲೂಟನ್. ಅಮೆರಿಕದ ನ್ಯೂ ಮೆಕ್ಸಿಕೊ ಸೀಮೆಯ ಒಂದು ಸಣ್ಣ ಊರಿನಲ್ಲಿ, ಜಾಹೀರಾತಿಗೆಂದು ತಂದಿದ್ದ ಕಪ್ಪುಚಿರತೆಯೊಂದು ತಪ್ಪಿಸಿಕೊಳ್ಳುತ್ತದೆ. ಅದೇ ರಾತ್ರಿ ಒಬ್ಬ ತಾಯಿ ತನ್ನ ಮಗಳನ್ನು ಜೋಳದ ಹಿಟ್ಟು ತರಲು ಕಳುಹಿಸುತ್ತಾಳೆ. ಹುಡುಗಿಗೆ ಕತ್ತಲೆಯೆಂದರೆ ಹೆದರಿಕೆ; ನೆಪ ಹೇಳುತ್ತಾಳೆ; ತಾಯಿ ಕೇಳದೆ ಹೊರಗೆ ತಳ್ಳಿ ಬಾಗಿಲು ಹಾಕಿಕೊಳ್ಳುತ್ತಾಳೆ. ಹಿಟ್ಟು ತೆಗೆದುಕೊಂಡು ಹಿಂದಿರುಗುವಾಗ ರೈಲುಸೇತುವೆಯ ಕೆಳಗೆ ಎರಡು ಕಣ್ಣು. ಹುಡುಗಿ ಓಡಿ ಬಂದು ಬಾಗಿಲು ಬಡಿಯುತ್ತಾಳೆ. ತಾಯಿ ಮೊದಲು ನಂಬುವುದಿಲ್ಲ. ನಂಬಿದಾಗ ಚಿಲಕ ಬಿಗಿಯಾಗಿ ಕೂತಿದೆ. ಬಾಗಿಲಾಚೆ ಏನು ನಡೆಯಿತೆಂಬುದನ್ನು ನಾವು ನೋಡುವುದಿಲ್ಲ. ಬಾಗಿಲ ಕೆಳಗಿನಿಂದ ರಕ್ತ ಒಳಗೆ ಹರಿದುಬರುತ್ತದೆ.

ಚಿತ್ರ ಮುಗಿದ ಮೇಲೆ ಯಾರೂ ಅಂಕದ ಮಾತೆತ್ತಲಿಲ್ಲ. ಅವಳು ಆ ಚಿತ್ರವನ್ನು ಪೆನ್‌ಡ್ರೈವಿನಲ್ಲಿ ಕೇಳಿ ಪಡೆದುಕೊಂಡು ಹೋದಳು.

ದೀಪಾವಳಿ ರಜೆಯ ಅನಂತರ ಒಂದು ಮಧ್ಯಾಹ್ನ ನಾವಾಗಿಯೇ ವಿಚಾರಿಸಿದೆವು. ಅವಳು ಅಂದು ಹೇಳಿದಷ್ಟನ್ನು ಮುಂಚೆ ಯಾವತ್ತೂ ಹೇಳಿರಲಿಲ್ಲ.

ಅವರ ಮನೆಯ ಹಿಂದೆಯೇ ಕಾಡು. ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ವಿಸ್ತಾರ ಸುಮಾರು 104 ಚದರ ಕಿಲೋಮೀಟರು. ಅಲ್ಲಿಯೂ ಸುತ್ತಮುತ್ತಲೂ ಚಿರತೆಗಳು ಐವತ್ತರ ಆಸುಪಾಸು. ಚಿರತೆ ಬರುತ್ತದೆ, ನಾಯಿ ಹಿಡಿಯುತ್ತದೆ, ಹೋಗುತ್ತದೆ. ನೆರೆಯ ವಾರ್ಲಿ ಜನ ವಾಘೋಬನೆಂದು ಪೂಜಿಸುತ್ತಾರೆ. 2022ರ ದೀಪಾವಳಿಯ ದಿನ ಆರೆಯಲ್ಲಿ ಒಂದು ಚಿಕ್ಕ ಮಗು ಚಿರತೆಗೆ ಬಲಿಯಾಯಿತು. “ಹಿಡಿದು ದೂರದ ಕಾಡಿಗೆ ಬಿಡಬಾರದೇ?” ಎಂದು ಉಡುಪಿ ಕೇಳಿದ. ಪಂಡಿತನಿಗೆ ಇದು ಗೊತ್ತಿತ್ತು: ಇದೇ ಮಹಾರಾಷ್ಟ್ರದ ಜುನ್ನರ ಕಡೆ ಹಾಗೆ ಬಿಟ್ಟು ನೋಡಿದ ಮೇಲೆ ಮನುಷ್ಯರ ಮೇಲಿನ ದಾಳಿಗಳು ವರ್ಷಕ್ಕೆ ಸರಾಸರಿ 4 ಇದ್ದದ್ದು 17ಕ್ಕೆ ಏರಿದವು. ಹೇಳಿದ ಮೇಲೆ ಅವನಿಗೇ ಸಂಕೋಚವಾಗಿ ಸುಮ್ಮನಾದ.

ಅವಳು ಮುಂದುವರಿಸಿದಳು. ಆ ದೀಪಾವಳಿಗೆ ಎರಡು ವಾರ ಮುಂಚೆ, ಒಂದು ಸಂಜೆ, ಅವ್ವ ಅವಳನ್ನು ಗಿರಣಿಗೆ ಕಳುಹಿಸಿದ್ದಳು, ಜೋಳದ ಹಿಟ್ಟು ಬೀಸಿಸಿಕೊಂಡು ಬರಲು. ಕತ್ತಲಾಗುತ್ತದೆ, ನಾಳೆ ಹೋಗುತ್ತೇನೆ ಎಂದಳು. ಅಪ್ಪ ಡ್ಯೂಟಿಗೆ ಹೋಗುವ ಮೊದಲು ರೊಟ್ಟಿ ಆಗಬೇಕು, ಹೋಗು ಎಂದಳು ಅವ್ವ. ಬರುವಾಗ ದಾರಿಯ ದೀಪ ಒಂದೇ ಉರಿಯುತ್ತಿತ್ತು. ಬೊಗಳುತ್ತಿದ್ದ ನಾಯಿಗಳೆಲ್ಲ ಒಮ್ಮೆಗೇ ಸುಮ್ಮನಾದವು. ಅವಳು ಆ ಒಂದು ದೀಪದ ಕೆಳಗೆ ಹಿಟ್ಟಿನ ಡಬ್ಬಿ ಅಪ್ಪಿಕೊಂಡು ನಿಂತಳು. ಎಷ್ಟು ಹೊತ್ತೋ ತಿಳಿಯದು. ಒಂದು ರಿಕ್ಷಾ ಬಂದಿತು. ಅದರ ಬೆಳಕಿನ ಹಿಂದೆಯೇ ಓಡಿದಳು. ಬಾಗಿಲು ಬಡಿದಳು. ಅವ್ವ ತಮ್ಮನಿಗೆ ಸ್ನಾನ ಮಾಡಿಸುತ್ತಿದ್ದಳು. ‘ಬಂದೆ, ತಡಿ’ ಎಂದಳು.

“ಆಮೇಲೆ?” ಎಂದೆವು ನಾವು.

“ಆಮೇಲೆ ಏನೂ ಇಲ್ಲ. ಬಾಗಿಲು ತೆಗೆದಳು. ಏನೂ ಬಂದಿರಲಿಲ್ಲ, ನಾನು ಏನೂ ನೋಡಲೂ ಇಲ್ಲ. ಅವ್ವನಿಗೂ ಹೇಳಲಿಲ್ಲ. ಎರಡು ವಾರಕ್ಕೆ ಆ ಮಗುವಿನ ಸುದ್ದಿ ಬಂತು.”

ರಜೆಯಲ್ಲಿ ಒಂದು ರಾತ್ರಿ ಅವಳು ಆ ಹಳೆಯ ಚಿತ್ರವನ್ನು ಮನೆಯ ಟಿ.ವಿ.ಯಲ್ಲಿ ಹಾಕಿದಳಂತೆ. ಅವ್ವನಿಗೆ ಇಂಗ್ಲಿಷ್ ಬಾರದು. ಅಪ್ಪ ಡ್ಯೂಟಿಗೆ ಹೋಗಿದ್ದ. ತಮ್ಮ ಪಕ್ಕದಲ್ಲಿಯೇ ಮಲಗಿದ್ದ. ಹಿಟ್ಟಿನ ದೃಶ್ಯದವರೆಗೆ ಅವ್ವ ಸೊಪ್ಪು ಬಿಡಿಸುತ್ತ ಅರೆಮನಸ್ಸಿನಿಂದ ನೋಡುತ್ತಿದ್ದವಳು ಅಲ್ಲಿಂದ ಕೈ ನಿಲ್ಲಿಸಿದಳು. ರಕ್ತ ಒಳಗೆ ಹರಿದ ಮೇಲೆ ಮಗಳ ಮುಖವನ್ನು ಒಮ್ಮೆ ನೋಡಿದಳು. ಏನೂ ಕೇಳಲಿಲ್ಲ. ಎದ್ದು ಹೋಗಿ, ಒಳಗಿನಿಂದ ಹಾಕಿದ್ದ ಚಿಲಕವನ್ನು ತೆಗೆದು, ಮತ್ತೆ ಹಾಕಿ, ಮತ್ತೆ ತೆಗೆದು, ಅದು ಸಲೀಸಾಗಿ ಸರಿಯುತ್ತದೆಯೇ ಎಂದು ನಾಲ್ಕೈದು ಸಲ ನೋಡಿದಳು. ಬೆಳಗ್ಗೆ ಎದ್ದಾಗ ಚಿಲಕಕ್ಕೆ ಕೊಬ್ಬರಿ ಎಣ್ಣೆ ಹಚ್ಚಿತ್ತು.

ಗಂಟೆ ಬಾರಿಸಿತು. ಇತಿಹಾಸದ ಗುರುಗಳು ಒಳಗೆ ಬಂದರು. ಶಾನುಭೋಗರ ನೋಟುಪುಸ್ತಕದಲ್ಲಿ ‘ಜಾಸ್’ ಚಿತ್ರಕ್ಕೆ 81 ಇದೆ, ‘ದಿ ಬರ್ಡ್ಸ್’ ಚಿತ್ರಕ್ಕೆ 88 ಅಥವಾ 83 ಇದೆ. ಆರನೆಯ ಸಾಲಿನಲ್ಲಿ ಚಿತ್ರದ ಹೆಸರು ಮಾತ್ರ ಇದೆ. ಅಂಕವೆಷ್ಟೆಂದು ವಕೀಲನೂ ಕೇಳಿಲ್ಲ.