ಒಲೆ ಹಚ್ಚದ ನಾಲ್ಕು ದಿನ

ನನ್ನ ಸಹಧರ್ಮಿಣಿ ನನ್ನೊಡನೆ ಕಾಶಿಯನ್ನು ಕಂಡಿದ್ದಾಳೆ. ಶ್ರೀಶೈಲಕ್ಕೆ ಮೂರು ಸಲ, ಉಳವಿಯ ಜಾತ್ರೆಗೆ ಲೆಕ್ಕವಿಲ್ಲದಷ್ಟು ಸಲ ಬಂದಿದ್ದಾಳೆ. ಈ ಮಾತನ್ನು ನೆಂಟರಿಷ್ಟರ ಮುಂದೆ ಬಹುಕಾಲ ಅಭಿಮಾನದಿಂದಲೇ ಹೇಳಿಕೊಳ್ಳುತ್ತಿದ್ದೆ. 2023ರ ಬೇಸಿಗೆಯಲ್ಲಿ ಹಾವೇರಿಯ ನೆಂಟರ ಮನೆಯಲ್ಲಿ ಮತ್ತೆ ಅದೇ ಮಾತು ತೆಗೆದಾಗ, ಪಡಸಾಲೆಯ ಮೂಲೆಯಲ್ಲಿ ಶೇಂಗಾ ಒಡೆಯುತ್ತ ಕುಳಿತಿದ್ದ ಆಕೆ ತಲೆ ಎತ್ತದೆಯೇ ಹೇಳಿದಳು: "ಹೌದ್ರಿ, ಎಲ್ಲಾ ಊರಾಗೂ ಒಲಿ ಹಚ್ಚಿ ಬಂದೇನಿ."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ನಮ್ಮ ಕಡೆಯ ಯಾತ್ರೆ ಹೇಗಿರುತ್ತದೆಂಬುದು ಓದುಗ ಬಂಧುಗಳಿಗೆ ಹೊಸತಲ್ಲ. ಬಸ್ಸಿನಲ್ಲಿ ಒಲೆ, ಪಾತ್ರೆಯ ಚೀಲ, ರವೆ, ಅಕ್ಕಿ, ಬುಟ್ಟಿ ತುಂಬ ಕಟಕ ರೊಟ್ಟಿ. ಗಂಡಸರು ನದಿಯಲ್ಲಿ ಸ್ನಾನ ಮುಗಿಸಿ, ಪೂಜೆ ಮಾಡಿಕೊಂಡು, ದರ್ಶನದ ಸಾಲಿನಲ್ಲಿ ನಿಲ್ಲುವರು. ಹೆಂಗಸರು ಗಾಳಿಗೆ ತಗಡು ಅಡ್ಡ ಹಿಡಿದು ಉಪ್ಪಿಟ್ಟು ತಿರುವುವರು. ಆಕೆ ನಮ್ಮ ಮನೆ ತುಂಬಿದ್ದು 1978ರಲ್ಲಿ. ಆಗ ಮನೆಯಲ್ಲಿ ಹದಿನಾಲ್ಕು ಜನ. ನಾನಾದರೋ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಒಂದು ಅಡತಿ ಅಂಗಡಿಯಲ್ಲಿ 38 ವರ್ಷ ಲೆಕ್ಕ ಬರೆದವನು. ಸೋಮವಾರ, ಗುರುವಾರದ ಪೇಟೆಯೆಂದರೆ ರಾತ್ರಿ ಹನ್ನೊಂದಕ್ಕೆ ಮನೆಗೆ ಬಂದದ್ದೂ ಉಂಟು. ಆಗಲೂ ರೊಟ್ಟಿ ಬಿಸಿಯಾಗಿಯೇ ಇರುತ್ತಿತ್ತು. ನಮ್ಮ ಕಾಯಿಯಿಂದ ತೆಗೆದ ಬಣ್ಣದ ಎಣ್ಣೆಯು ಕೇರಳದ ಕಾರ್ಖಾನೆಗಳಿಂದ ಹಡಗು ಹತ್ತಿ ಹೊರದೇಶಗಳಿಗೆ ಹೋಗುತ್ತದೆ. ಕಾಯಿಯ ಲೆಕ್ಕ ಬರೆದವನು ಮಾತ್ರ ಕಾರವಾರದ ದಂಡೆಯ ಮೇಲೆ ನಿಂತು ದೂರದ ಹಡಗನ್ನು ಕಂಡದ್ದೇ ಬಂತು.

ಹಡಗಿನ ಮಾತು ತೆಗೆದವರು ರಾಣೆಬೆನ್ನೂರಿನಲ್ಲಿ ಬೀಜದ ವ್ಯಾಪಾರ ಮಾಡುವ ನಮ್ಮ ಅಳಿಯಂದಿರು. "ಅತ್ತಿಯವರನ್ನ ಹಡಗಿನ್ಯಾಗ ಕರಕೊಂಡು ಹೋಗ್ರಿ ಮಾವಾರ. ಅಲ್ಲಿ ಅಡಿಗಿಮನಿ ಬಾಗಿಲಕ್ಕೂ ಬಿಡಂಗಿಲ್ಲ" ಎಂದರು. ಈ ಒಂದು ಗುಣಕ್ಕಾಗಿಯೇ ನಾನು ಒಪ್ಪಿದೆ. ಆದರೆ ಯಾವ ಹಡಗು? ಹಳೆಯ ಖಾತೆ ಪುಸ್ತಕವೊಂದನ್ನು ತೆಗೆದು, ಅಂಗಡಿಯ ಅಭ್ಯಾಸದಂತೆ ಜಮಾ ಖರ್ಚಿನ ಗೆರೆ ಎಳೆದು ಕುಳಿತೆ.

ಅಳಿಯಂದಿರ ಮನಸ್ಸು ಸಿಂಗಪುರದಿಂದ ಹೊರಡುವ ಗೆಂಟಿಂಗ್ ಡ್ರೀಮ್ ಎಂಬ ನೌಕೆಯ ಮೇಲಿತ್ತು. ಅದು 335 ಮೀಟರ್ ಉದ್ದ. ಮೂರು ಸಾವಿರಕ್ಕೂ ಹೆಚ್ಚು ಜನ ಹಿಡಿಯುತ್ತದೆ. ಭಾರತದ ಸಸ್ಯಾಹಾರವನ್ನೂ ಬಡಿಸುತ್ತಾರೆ. ದೊಡ್ಡ ಹಡಗು ಅಲೆಗೆ ತೂಗಾಡುವುದು ಕಡಿಮೆಯೆಂಬುದು ನಿಜ. ಆದರೆ 2021ರಲ್ಲಿ ಆಕೆಯ ಬಲ ಮೊಣಕಾಲಿನ ಕೀಲು ಬದಲಿಸಿದ್ದಾರೆ. ಅಷ್ಟುದ್ದದ ಹಡಗಿನಲ್ಲಿ ಮಲಗುವ ಕೋಣೆಯಿಂದ ಊಟದ ಮನೆಗೆ ಹೋಗಿ ಬರುವುದೇ ಒಂದು ಪ್ರಯಾಣ. ಅದರ ಜೊತೆಗೆ ಪಾಸ್‌ಪೋರ್ಟು, ವೀಸಾ, ವಿಮಾನ. ಆ ಪುಟವನ್ನು ಮಡಚಿದೆ.

ನನ್ನ ಮನಸ್ಸಿದ್ದದ್ದು ಲಕ್ಷದ್ವೀಪದ ಮೇಲೆ. ಅಲ್ಲಿಯ ಆಡಳಿತವು ಕೊಚ್ಚಿಯಿಂದ ಹಲವು ವರ್ಷ ನಡೆಸಿಕೊಂಡು ಬಂದ 'ಸಮುದ್ರಂ' ಎಂಬ ಐದು ದಿನಗಳ ಪ್ರವಾಸದ ವಿಷಯ ನನಗೆ ಗೊತ್ತಿತ್ತು: ಎಂ.ವಿ. ಕವರತ್ತಿ ಎಂಬ 700 ಜನರ ಹಡಗು, ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳಲ್ಲಿ, ರಾತ್ರಿ ಹಡಗಿನಲ್ಲಿ. ಬಂಗಾರಂ ಒಂದನ್ನು ಬಿಟ್ಟರೆ ಅಲ್ಲಿ ಬಹುಕಾಲದಿಂದ ಪಾನನಿಷೇಧವೂ ಉಂಟು. ನಮ್ಮಂಥವರಿಗೆ ಇದಕ್ಕಿಂತ ಒಳ್ಳೆಯದು ಯಾವುದೆಂದು ಮನೆಯಲ್ಲಿ ಸಾರಿಯೂ ಬಿಟ್ಟೆ. ಆಮೇಲೆ, ಹೋಗಿ ಬಂದವರನ್ನು ವಿಚಾರಿಸಿದಾಗ ತಿಳಿಯಿತು: ಹವಳದ ದಿಬ್ಬಗಳಿರುವುದರಿಂದ ದೊಡ್ಡ ಹಡಗು ದಂಡೆಗೆ ಬರಲಾರದು. ಆಳವಾದ ನೀರಿನಲ್ಲಿಯೇ ನಿಲ್ಲುತ್ತದೆ. ಅಲೆಗೆ ಏಳುತ್ತ ಬೀಳುತ್ತ ಇರುವ ಸಣ್ಣ ದೋಣಿಗೆ ಕೈ ಹಿಡಿದು ಇಳಿಯಬೇಕು, ಸಂಜೆ ಮತ್ತೆ ಹತ್ತಬೇಕು. ಮುಂಬಯಿಯಿಂದ ಲಕ್ಷದ್ವೀಪಕ್ಕೆ ಹೋಗುವ ವಿಹಾರ ನೌಕೆಗೂ ಇದೇ ಮಾತು.

ನಿಜ ಹೇಳಬೇಕೆಂದರೆ, ಎರಡು ದಿನ ನಾನು ಮುಖ ಸಿಂಡರಿಸಿಕೊಂಡೇ ಇದ್ದೆ. ಎಪ್ಪತ್ತರ ಪ್ರಾಯದವನಿಗೆ ಇದು ಒಪ್ಪುವ ನಡತೆಯಲ್ಲ. "ನೀವು ದ್ವೀಪ ನೋಡಿ ಬರ್ರಿ, ನಾ ಹಡಗಿನ್ಯಾಗ ಕುಂದ್ರತೀನಿ" ಎಂದು ಆಕೆ ಹೇಳಿದಾಗಲೇ ನನಗೆ ನಾಚಿಕೆಯಾದದ್ದು. ಆಕೆಯ ವಿಶ್ರಾಂತಿಗೆಂದು ಹೊರಟವನು ಮತ್ತೆ ನನಗೆ ಬೇಕಾದ ಊರನ್ನೇ ಆರಿಸುತ್ತಿದ್ದೆ. "ನಿನಗೇನು ಬೇಕು?" ಎಂದು ಕೇಳಿದೆ. ನಲವತ್ತೈದು ವರ್ಷಗಳಲ್ಲಿ ಪ್ರವಾಸದ ಸಂಬಂಧವಾಗಿ ಈ ಪ್ರಶ್ನೆ ಕೇಳಿದ್ದು ಅದೇ ಮೊದಲು. ಆಕೆ ಬಹಳ ಹೊತ್ತು ವಿಚಾರ ಮಾಡಿ, "ನೀರು ಕಾಣೂ ಕಿಟಕಿ ಇರಬೇಕ್ರಿ. ಇಳಿಯೂದು ಹತ್ತೂದು ಬ್ಯಾಡ" ಎಂದಳು.

ಹೀಗೆ ಉಳಿದದ್ದು ಮುಂಬಯಿ–ಗೋವಾ ಯಾನ. ಕಾರ್ಡೇಲಿಯಾ ಸಂಸ್ಥೆಯವರು 2021ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಆರಂಭಿಸಿದ 'ಎಂಪ್ರೆಸ್' ಹಡಗು ಹೊಸದೇನಲ್ಲ. 1990ರಲ್ಲಿ ಫ್ರಾನ್ಸಿನ ಸೇಂಟ್ ನಜೇರ್‌ನಲ್ಲಿ ಕಟ್ಟಿದ್ದು, ಬೇರೆ ಬೇರೆ ಹೆಸರಿನಲ್ಲಿ ಲೋಕ ಸುತ್ತಿ ಬಂದದ್ದು. ಉದ್ದ 211 ಮೀಟರ್. ಹಳೆಯ ಕಾಲದ ರಚನೆಯಾದ್ದರಿಂದ ಬಾಲ್ಕನಿಯುಳ್ಳ ಕೋಣೆಗಳು ಕಡಿಮೆ. ನಮಗೆ ಕಿಟಕಿ ಸಾಕಾಗಿತ್ತು. ಮುಖ್ಯವಾಗಿ, ಮುಂಬಯಿಯಲ್ಲಿಯೂ ಮಾರ್ಮಗೋವಾದಲ್ಲಿಯೂ ಹಡಗು ಧಕ್ಕೆಗೇ ಬಂದು ನಿಲ್ಲುತ್ತದೆ. ದೋಣಿಯ ಗೊಡವೆಯಿಲ್ಲ.

ಸುದ್ದಿ ಊರಲ್ಲಿ ಹಬ್ಬಿತು. ಮಠದ ಕಟ್ಟೆಯ ಮೇಲೆ ಹಿರಿಯರೊಬ್ಬರು, "ಅಲ್ಲಿ ಕುಡಿತ, ಜೂಜು ಇರತಾವಂತ. ಲಿಂಗ ಕಟ್ಟಿದವರು ಹೋಗೂ ಜಾಗಾ ಏನಪಾ ಅದು?" ಎಂದರು. ಅವರ ಮಾತು ಸುಳ್ಳಲ್ಲ; ಇಂಥ ಹಡಗುಗಳಲ್ಲಿ ಪಾನಗೃಹವೂ ಇರುತ್ತದೆ, ಜೂಜಿನ ಕೋಣೆಯೂ ಇರುತ್ತದೆ. ನಾನು ಉತ್ತರಿಸಲಾರದೆ ಮನೆಗೆ ಬಂದು ಹೇಳಿದರೆ ಆಕೆ, "ಪ್ಯಾಟ್ಯಾಗೂ ಸೆರೆ ಅಂಗಡಿ ಅದಾವು. 38 ವರ್ಷ ಅದರ ಮುಂದನ ಹಾದು ಮನಿಗೆ ಬಂದಿಲ್ಲೇನು ನೀವು?" ಎಂದಳು. ಪೂಜೆಯ ವಿಷಯದಲ್ಲಿ ನನಗೆ ಅಳುಕಿತ್ತು. ಹಡಗಿನಲ್ಲಿ ಬೆಂಕಿಯ ಭಯ ದೊಡ್ಡದು. ಕೋಣೆಯಲ್ಲಿ ದೀಪವಾಗಲಿ ಊದುಬತ್ತಿಯಾಗಲಿ ಹಚ್ಚುವಂತಿಲ್ಲ. ಆದರೆ ಅಂಗೈಯಲ್ಲಿ ಲಿಂಗ, ವಿಭೂತಿ, ಒಂದು ತಂಬಿಗೆ ನೀರು, ಒದ್ದೆ ಬಟ್ಟೆಯಲ್ಲಿ ಸುತ್ತಿದ ನಾಲ್ಕು ದಳ ಪತ್ರಿ: ಇಷ್ಟಕ್ಕೆ ಯಾವ ನಿಯಮವೂ ಅಡ್ಡ ಬರಲಿಲ್ಲ.

ಮುಂಗಡ ಕಾಯ್ದಿರಿಸುವಾಗ ಮಾತ್ರ ಎಡವಿದೆ. ಪ್ರವಾಸದ ಏಜೆಂಟರೊಬ್ಬರು ಮೊದಲು ಹೇಳಿದ ದರವು ಒಬ್ಬರ ಲೆಕ್ಕ, ಅದೂ ಕೋಣೆಯಲ್ಲಿ ಇಬ್ಬರಿದ್ದರೆ. ಬಂದರಿನ ಶುಲ್ಕ, ಸೇವಕರ ಭಕ್ಷೀಸು, ತೆರಿಗೆ ಇವೆಲ್ಲ ಬೇರೆ. ಲೆಕ್ಕ ಬರೆದವನೇ ಇದನ್ನು ಗಮನಿಸದೆ ಹೋದೆನಲ್ಲ! ಕೊಟ್ಟ ಕೋಣೆಯಾದರೂ ಹಡಗಿನ ಮೂತಿಯ ಕಡೆಗೆ, ಒಂದು ಹಾಸಿಗೆ ಏಣಿಯ ಮೇಲೆ. ನಕಾಶೆ ತರಿಸಿ ನೋಡಿದ ಮೇಲೆ ತಿಳಿಯಿತು. ತೊಟ್ಟಿಲನ್ನು ನೆನೆಸಿಕೊಳ್ಳಿ, ತುದಿ ತೂಗಿದಷ್ಟು ನಡು ತೂಗುವುದಿಲ್ಲ. ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಇದ್ದವರಿಗೆ ವಾಂತಿ, ತಲೆಸುತ್ತು ಕಡಿಮೆ. ಲಿಫ್ಟು ಹತ್ತಿರವಿರಬೇಕು, ಆದರೆ ಕುಣಿತದ ಸಭಾಂಗಣ ನೆತ್ತಿಯ ಮೇಲಾಗಲಿ ಕಾಲಡಿಯಲ್ಲಾಗಲಿ ಇರಬಾರದು. ವಾರ ಕಾಲ ಫೋನು ಮಾಡಿ ಬದಲಿಸಿಕೊಂಡೆವು. ವಾರದ ಕೊನೆಯ ದಿನಗಳನ್ನೂ ಬಿಟ್ಟೆವು. ಆಗ ತರುಣರ ಸಂದಣಿ ಹೆಚ್ಚು. ದೀಪಾವಳಿ ಮುಗಿದ ನವೆಂಬರ್ ಕೊನೆಯನ್ನು ಆರಿಸಿದ್ದಕ್ಕೆ ಕಡಲೂ ಕಾರಣ. ಮಳೆಗಾಲದಲ್ಲಿ ಪಡುವಣ ಸಮುದ್ರ ಉಗ್ರವಾಗಿರುತ್ತದೆ. 2022ರ ಜೂನ್ ತಿಂಗಳಲ್ಲಿ ಇದೇ ಹಡಗು ಚೆನ್ನೈಗೆ ಹೋಗಿ ಅಲ್ಲಿಂದ ಸಂಚರಿಸಿತ್ತು.

ಹಡಗು ಯಾರಿಗೂ ಕಾಯುವುದಿಲ್ಲವಾದ್ದರಿಂದ ಹುಬ್ಬಳ್ಳಿಯಿಂದ ರೈಲು ಹಿಡಿದು ಒಂದು ದಿನ ಮೊದಲೇ ಮುಂಬಯಿ ಸೇರಿದೆವು. ಬಲ್ಲಾರ್ಡ್ ಪಿಯರ್‌ನಲ್ಲಿ ಪೆಟ್ಟಿಗೆಗಳನ್ನು ಅವರೇ ಒಯ್ಯುತ್ತಾರೆ. ಅವು ಕೋಣೆಗೆ ಬರುವಾಗ ತಡವಾಗುವುದುಂಟು. ಮಾತ್ರೆ, ವಿಭೂತಿ ಗಟ್ಟಿ, ಒಂದು ಸೀರೆ ಕೈಚೀಲದಲ್ಲಿಯೇ ಇರಲಿ ಎಂದು ಮಗಳು ಎಚ್ಚರಿಸಿದ್ದಳು. ಹೊರಡುವ ಮುನ್ನ ಅಪಾಯ ಬಂದರೆ ಎಲ್ಲಿ ಸೇರಬೇಕು, ತೇಲುವ ಅಂಗಿ ಹೇಗೆ ತೊಡಬೇಕು ಎಂದು ತೋರಿಸಿದರು. ಇಟಲಿಯ ಗಿಗ್ಲಿಯೊ ದ್ವೀಪದ ಬಳಿ 2012ರ ಜನವರಿ 13ರಂದು ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು 32 ಜನ ಸತ್ತರು. ಅಂದು ಹಡಗು ಹತ್ತಿದ್ದ ಹಲವರಿಗೆ ಈ ಪಾಠ ಇನ್ನೂ ಆಗಿರಲಿಲ್ಲ. 2015ರಿಂದ ಹಡಗು ಬಿಡುವ ಮೊದಲೇ ಅಥವಾ ಬಿಟ್ಟ ಕೂಡಲೇ ಇದು ಆಗಬೇಕೆಂದು ಅಂತರರಾಷ್ಟ್ರೀಯ ನಿಯಮವಿದೆ. ಆಕೆ ನನಗಿಂತ ಲಕ್ಷ್ಯಗೊಟ್ಟು ಕೇಳಿ, ನನ್ನ ಅಂಗಿಯ ಪಟ್ಟಿಯನ್ನು ತಾನೇ ಬಿಗಿದಳು.

ಮೊದಲ ರಾತ್ರಿ ಊಟವಾದೊಡನೆ ಆಕೆ ತಟ್ಟೆಗಳನ್ನು ಒಂದರ ಮೇಲೊಂದು ಇಡಲಾರಂಭಿಸಿದಳು. ಬಡಿಸುವ ಹುಡುಗ ಓಡಿ ಬಂದು ಕೈ ಮುಗಿದು ಕಸಿದುಕೊಂಡ. ಮರುದಿನ ಬೆಳಗಿನ ಐದಕ್ಕೆ ತಟ್ಟನೆ ಎದ್ದು ಕುಳಿತು, "ಹಾಲು ಬಂತೇನ್ರಿ?" ಎಂದಳು. ಆಮೇಲೆ ಎಲ್ಲಿದ್ದೇವೆಂದು ನೆನಪಾಗಿರಬೇಕು. ಕಿಟಕಿಯ ಹೊರಗೆ ಇನ್ನೂ ಕತ್ತಲು. ನೀರು ಕಾಣುತ್ತಿರಲಿಲ್ಲ, ಸಪ್ಪಳ ಮಾತ್ರ. ಬೆಳಕು ಹರಿಯುವವರೆಗೂ ಹಾಗೆಯೇ ಕುಳಿತಿದ್ದಳು. ನಾನು ಮಾತನಾಡಿಸಲಿಲ್ಲ. ಗೋವಾದಲ್ಲಿ ಜನರೆಲ್ಲ ಇಳಿದು ಹೋದಾಗ ನನ್ನನ್ನೂ ಅವರೊಡನೆ ಅಟ್ಟಿ, ತಾನು ಖಾಲಿ ಹಡಗಿನಲ್ಲಿ ಮಧ್ಯಾಹ್ನವೆಲ್ಲ ನಿದ್ರೆ ಮಾಡಿದಳಂತೆ. ಹಗಲು ಹೊತ್ತು ಆಕೆ ಮಲಗಿದ್ದನ್ನು ಬಾಣಂತನ, ಕಾಯಿಲೆ ಬಿಟ್ಟರೆ ನಾನು ಕಂಡಿಲ್ಲ. ಅಂದೂ ಕಾಣಲಿಲ್ಲ, ಕೇಳಿದೆನಷ್ಟೇ.

ಬ್ಯಾಡಗಿಗೆ ಮರಳಿದ ಮಾರನೆಯ ಬೆಳಿಗ್ಗೆ ಎಂದಿನಂತೆ ರೊಟ್ಟಿ ಬಡಿಯುವ ಸಪ್ಪಳ ಕೇಳಿತು. ಒಳಗಿನಿಂದಲೇ ಆಕೆ, "ಮಳಿಗಾಲದಾಗ ಹಡಗು ಚೆನ್ನೈಕ್ಕ ಹೋಗಿತ್ತು ಅಂದಿದ್ರಲ್ಲ, ಅಲ್ಲೂ ದಂಡಿಗೇ ಬಂದು ನಿಲ್ಲತೈತೇನು?" ಎಂದಳು. ಕೇಳಿ ನೋಡುತ್ತೇನೆಂದೆ.

"ನೀವು ಬ್ಯಾಡ್ರಿ," ಎಂದಳು, "ಅಳಿಯಂದಿರನ್ನ ನಾನ ಕೇಳತೀನಿ."