ಗೋಬರ್ ಗ್ಯಾಸ್‌ಗೂ ಅಜೀರ್ಣ ಆಗುತ್ತೆ!

ನನ್ನ ಕೆಲಸ ದಾವಣಗೆರೆಯಲ್ಲಿ, ಮನೆ ಹರಿಹರದ ಹತ್ತಿರದ ಹಳ್ಳಿಯಲ್ಲಿ. ಹಿತ್ತಲಲ್ಲಿ ಎರಡು ಎಮ್ಮೆ, ಎರಡು ಆಕಳು, ಪಕ್ಕದಲ್ಲೇ ಅಪ್ಪ ಕಟ್ಟಿಸಿದ ದೀನಬಂಧು ಮಾದರಿಯ ಗೋಬರ್ ಗ್ಯಾಸ್ ಗುಂಡಿ. ದಿನಕ್ಕೆ ಸುಮಾರು 50 ಕೆ.ಜಿ. ಸಗಣಿ, ಅಷ್ಟೇ ನೀರು. ಕಟ್ಟಿಗೆ ಒಲೆ ಬಿಟ್ಟ ಮೇಲೆ ಅವ್ವನ ಕೆಮ್ಮು ಎಷ್ಟೋ ಕಡಿಮೆಯಾಗಿತ್ತು.

ಅದನ್ನು ಕೆಡಿಸಿದ್ದು ನಾನೇ.

ಅಕ್ಕನ ಮಗಳ ನಾಮಕರಣ ಮುಗಿದಿತ್ತು. ಎರಡು ಬುಟ್ಟಿ ಅನ್ನ, ಸಾರು, ಪಾಯಸ ಉಳಿದಿತ್ತು. ‘ಬಿಸಾಡೋದ್ಯಾಕೆ? ಗುಂಡಿಗೆ ಹಾಕಿದ್ರೆ ಗ್ಯಾಸ್ ಜಾಸ್ತಿ ಬರುತ್ತೆ’ ಅಂತ ಮೊಬೈಲಲ್ಲಿ ನೋಡಿದ ವಿಡಿಯೋ ನೆನೆದು ಎಲ್ಲಾ ಸುರಿದೆ. ನೀರು ಉಳಿಸೋಣ ಅಂತ ಪಾತ್ರೆ ತೊಳೆದ ಸೋಪಿನ ನೀರಲ್ಲೇ ಸಗಣಿ ಕದಡಿದೆ.

ಮೂರನೇ ದಿನ ಒಲೆ ಪಟಪಟ ಅಂದು ಆರಿಹೋಯ್ತು. ಸ್ಲರಿ ಹೊರಬರುವ ತೊಟ್ಟಿಯಲ್ಲಿ ನೊರೆಯೋ ನೊರೆ! ಗ್ಯಾಸ್ ಪೈಪಿನೊಳಗೂ ಅದೇ ಹೊಕ್ಕಿತ್ತು. ಅಪ್ಪ ಏನೂ ಬೈಯಲಿಲ್ಲ, ಸುಮ್ಮನೆ ಕಟ್ಟಿಗೆ ಒಡೆದು ತಂದರು. ಆ ರಾತ್ರಿ ಅವ್ವ ಕೆಮ್ಮುತ್ತಿದ್ದರೆ ನನಗೆ ನಿದ್ದೆ ಹತ್ತಲಿಲ್ಲ.

ಗುಂಡಿ ಕಟ್ಟಿದ ಮೇಸ್ತ್ರಿಗೆ ಫೋನ್ ಮಾಡಿದಾಗ ಗೊತ್ತಾಯ್ತು. ಒಳಗೆ ಎರಡು ಬಗೆಯ ಸೂಕ್ಷ್ಮಜೀವಿಗಳಿವೆ. ಒಂದು ಗುಂಪು ತಿಂದಿದ್ದನ್ನು ಬೇಗ ಹುಳಿ ಮಾಡುತ್ತೆ. ಇನ್ನೊಂದು ಗುಂಪು ಆ ಹುಳಿಯನ್ನು ನಿಧಾನವಾಗಿ ಮೀಥೇನ್ ಮಾಡುತ್ತೆ. ಒಮ್ಮೆಲೇ ಅನ್ನ ಸುರಿದರೆ ಮೊದಲನೆಯವರು ಓಡುತ್ತಾರೆ, ಎರಡನೆಯವರು ಹಿಂದೆ ಬೀಳುತ್ತಾರೆ. ಹುಳಿ ಹೆಚ್ಚುತ್ತೆ, ಗುಳ್ಳೆ ಏಳುತ್ತೆ. ಸೋಪು, ಎಣ್ಣೆಜಿಡ್ಡು, ಪ್ರೋಟೀನು ಸೇರಿದರೆ ಆ ಗುಳ್ಳೆ ಒಡೆಯೋದೇ ಇಲ್ಲ, ನೊರೆಯಾಗಿ ನಿಲ್ಲುತ್ತೆ.

ಇದನ್ನೆಲ್ಲ ಅವ್ವನಿಗೆ ವಿವರಿಸಿದೆ. ಅವ್ವ ನಕ್ಕಳು: ‘ಆಕಳಿಗೆ ಒಮ್ಮೆಲೇ ಅನ್ನ ಹಾಕಿದ್ರೆ ಹೊಟ್ಟೆ ಉಬ್ಬತೈತಲ್ಲಪ್ಪಾ, ಇದಕ್ಕೂ ಹಂಗೇ ಆಗೈತೆ.’

ನಿಜ ಹೇಳಬೇಕಂದ್ರೆ ಅವ್ವ ಹೇಳಿದ್ದೇ ವಿಜ್ಞಾನ. ಆಕಳ ಹೊಟ್ಟೆಯಲ್ಲೂ ಮೀಥೇನ್ ಮಾಡುವ ಅಂಥದೇ ಜೀವಿಗಳಿವೆ. ಗುಂಡಿ ಅಂದ್ರೆ ಇಟ್ಟಿಗೆಯಲ್ಲಿ ಕಟ್ಟಿದ ಇನ್ನೊಂದು ಹೊಟ್ಟೆ, ಅಷ್ಟೇ.

ಮದ್ದೂ ಅದೇ, ಉಪವಾಸ! ಐದು ದಿನ ಏನೂ ಹಾಕಲಿಲ್ಲ. ಸಗಣಿ ಹಾಕುವ ಕಡೆಯಿಂದ ಬಿದಿರಿನ ಗಳ ಇಳಿಸಿ ದಿನಾ ಕದಡಿದೆವು. ಮೇಸ್ತ್ರಿ ಬಂದು ಪೈಪ್ ಬಿಚ್ಚಿ ತೊಳೆದರು. ಆಗ ಹತ್ತಿರ ಬೆಂಕಿ, ಬೀಡಿ ಏನೂ ಇರಕೂಡದು. ಗುಂಡಿಯೊಳಗಂತೂ ಯಾರೂ ಇಳಿಯಲೇಬಾರದು, ಒಳಗಿನ ಗಾಳಿ ಪ್ರಾಣ ತೆಗೆಯುತ್ತೆ. ಆಮೇಲೆ 10 ಕೆ.ಜಿ., 20 ಕೆ.ಜಿ. ಅಂತ ಸಗಣಿ ಏರಿಸುತ್ತಾ ಹೋದೆವು, ಒಳ್ಳೆ ನೀರಲ್ಲಿ ಕದಡಿ.

ಹನ್ನೆರಡನೇ ದಿನ ನೀಲಿ ಉರಿ ಮತ್ತೆ ಬಂತು. ಅವ್ವ ಮೊದಲು ಇಟ್ಟಿದ್ದು ನನಗೆ ಚಹಾ.

ಮೊನ್ನೆ ಹಬ್ಬಕ್ಕೆ ಮತ್ತೆ ಅನ್ನ ಉಳಿಯಿತು. ನಾನು ಬುಟ್ಟಿ ಎತ್ತಿದ ಕೂಡಲೇ ಅಡುಗೆಮನೆಯಿಂದ ದನಿ ಬಂತು: ‘ಒಂದು ಸೌಟು ಸಾಕಪ್ಪಾ!’