ಸಹಿ ಹಾಕಲಾಗದ ವಕೀಲ

ನಮ್ಮ ಕೋಪರಖೈರಣೆಯ ಕನ್ನಡಿಗರ ಕೂಟದಲ್ಲಿ ‘ನಮ್ಮ ಹುಡುಗ ಲಾಯರ್ ಆದ’ ಎಂದು ಹಿರಿಯರು ಶಾಲು ಹೊದಿಸಿದಾಗ ನಾನು ಬೀಗಿದ್ದು ನಿಜ. 2017ರ ಜುಲೈಯಲ್ಲಿ ಮಹಾರಾಷ್ಟ್ರ ಮತ್ತು ಗೋವಾ ಬಾರ್ ಕೌನ್ಸಿಲಿನ ಸನ್ನದು ಸಿಕ್ಕಿತ್ತು. ಎರಡು ವರ್ಷದೊಳಗೆ ಅಖಿಲ ಭಾರತ ಬಾರ್ ಪರೀಕ್ಷೆ ಪಾಸು ಮಾಡುತ್ತೇನೆಂದು ಬರೆದುಕೊಟ್ಟಿದ್ದೆ. ಅದನ್ನು ಶಾಲಿನ ಜೊತೆಗೇ ಮಡಿಸಿಟ್ಟುಬಿಟ್ಟೆ!

ಆಗ ಅದು ಪುಸ್ತಕ ನೋಡಿಕೊಂಡು ಬರೆಯುವ ಪರೀಕ್ಷೆ. ನೂರು ಪ್ರಶ್ನೆ, ನಲವತ್ತು ಸರಿಯಾದರೆ ಸಾಕು. ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇತ್ತು. ಇಷ್ಟು ಸುಲಭದ್ದಕ್ಕೆ ಅವಸರವೇಕೆ ಎಂಬ ಅಸಡ್ಡೆ ನನಗೆ. 2018ರಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ನಡೆಯಿತು. ಒಮ್ಮೆ ತಂಗಿಯ ಮದುವೆ ಅಡ್ಡ ಬಂತು, ಇನ್ನೊಮ್ಮೆ ಅರ್ಜಿಯ ತಾರೀಖೇ ಮರೆಯಿತು. ಕೊನೆಗೆ 2019ರ ಸೆಪ್ಟೆಂಬರ್ 15ರ ಪರೀಕ್ಷೆಗೆ ಹಣ ಕಟ್ಟಿದೆ. ಗಡುವು ಜುಲೈಗೇ ಮುಗಿದಿತ್ತು. “ಕರಿ ಕೋಟು ಮನೆಯಲ್ಲಿಡು, ಪಾಸಾಗುವ ತನಕ ಬೇಲಾಪುರ ಕೋರ್ಟಿನಲ್ಲಿ ನಿಲ್ಲಬೇಡ” ಎಂದರು ಸೀನಿಯರ್. ಹಕ್ಕಿಲ್ಲದೆ ವಕೀಲಿ ಮಾಡಿದರೆ ವಕೀಲರ ಕಾಯಿದೆಯ 45ನೆಯ ಕಲಮಿನಲ್ಲಿ ಆರು ತಿಂಗಳವರೆಗೆ ಜೈಲುಂಟು.

ಮನೆಯಲ್ಲಿ ಹೇಳಲಿಲ್ಲ. ಅಮ್ಮ ದಿನವೂ ಕೋಟಿಗೆ ಇಸ್ತ್ರಿ ಹಾಕುತ್ತಿದ್ದಳು. ನಾನು ಅದನ್ನು ಚೀಲದಲ್ಲಿಟ್ಟುಕೊಂಡು ಪನವೇಲ್ ಲೋಕಲ್ ಹತ್ತುತ್ತಿದ್ದೆ.

ಆ ಆಗಸ್ಟಿನಲ್ಲಿ ಕೆಳಗಿನ ಮನೆಯ ಶೆಟ್ರು ಬಂದರು. ಊಟ ಒದಗಿಸಿದ್ದ ಕಂಟ್ರಾಕ್ಟರನ ಚೆಕ್ಕು ಬೌನ್ಸ್ ಆಗಿತ್ತು. ಬ್ಯಾಂಕಿನಿಂದ ತಿಳಿದ ಮೂವತ್ತು ದಿನದೊಳಗೆ ನೋಟೀಸು, ಹಣ ಕೊಡಲು ಅವನಿಗೆ ಹದಿನೈದು ದಿನ, ಅದು ಕಳೆದರೆ ಒಂದು ತಿಂಗಳೊಳಗೆ ದೂರು ಎಂದು ಗಡುವುಗಳನ್ನು ಬಾಯಿಪಾಠ ಒಪ್ಪಿಸಿದೆ. “ಹಾಗಾದ್ರೆ ನೀನೇ ಹಾಕು ಮಾರಾಯ, ನಮ್ಮವನು ಇರುವಾಗ ಬೇರೆಯವರು ಯಾಕೆ?” ಅಂದರು. ಅಮ್ಮ ಚಹಾ ಹಿಡಿದು ನಿಂತಿದ್ದಳು. ವಕಾಲತ್ತಿಗೆ ಸಹಿ ಹಾಕುವ ಅಧಿಕಾರ ನನಗಿಲ್ಲವೆಂದು ಇಬ್ಬರೆದುರೂ ಹೇಳಬೇಕಾಯಿತು. ಅಮ್ಮ ಏನೂ ಅನ್ನಲಿಲ್ಲ. ಮರುದಿನ ಕೋಟು ಇಸ್ತ್ರಿಯಾಗಲಿಲ್ಲ.

ಕೇಸನ್ನು ಸೀನಿಯರ್ ಹಾಕಿದರು; ಫೈಲು ಹೊತ್ತವನು ನಾನು.

ಕ್ಯಾಲಿಫೋರ್ನಿಯದ ವಕೀಲರು ಮೂರು ವರ್ಷಕ್ಕೆ 25 ಗಂಟೆ ಪಾಠ ಕೇಳಲೇಬೇಕು. ತಪ್ಪಿದರೆ ದಂಡ, ಆಮೇಲೂ ಮಾಡದಿದ್ದರೆ ವಕೀಲಿಯೇ ಬಂದ್. ನಮ್ಮಲ್ಲಿ ಅಂಥ ಗಂಟೆಯ ಲೆಕ್ಕವಿಲ್ಲ, ಇರುವುದು ಇದೊಂದು ಪರೀಕ್ಷೆ. 2023ರ ಫೆಬ್ರವರಿ 10ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಇದನ್ನು ಎತ್ತಿಹಿಡಿದಿದೆ. ಈಗ ಕಾಯಿದೆಯ ಮೂಲಪಠ್ಯ ಬಿಟ್ಟು ಬೇರೆ ಪುಸ್ತಕ ಒಯ್ಯುವಂತಿಲ್ಲ. ಲಾ ಓದುತ್ತಿರುವ ನಮ್ಮ ತಮ್ಮ ತಂಗಿಯರು ಗಮನಿಸಿ.

ಪಾಸಾದ ಮೇಲೆ ಶೆಟ್ರ ಕೇಸಿಗೆ ನಾನೂ ವಕಾಲತ್ತು ಹಾಕಿದೆ. ಶೆಟ್ರು ಕನ್ನಡಕ ಏರಿಸಿ ನನ್ನ ಸಹಿಯನ್ನೇ ನೋಡಿದರು.

“ಈಗ ಸಮ ಉಂಟಲ್ಲ?”